ದಾಳಕ್ರೀಡೆಯಲ್ಲಿ ಮನಶ್ಶಕ್ತಿಯ ನೆಲೆಗಳು: ಒಂದು ಸೈದ್ಧಾಂತಿಕ ಅನುಸಂಧಾನ

ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಮನುಷ್ಯನು ಮೂಲತಃ ವರ್ಗೀಕರಿಸುವ ಪ್ರಾಣಿಯಾಗಿದ್ದಾನೆ. ಈ ಮಾತನ್ನು ಯಾರು ಹೇಳಿದರೆಂಬುದು ಮುಖ್ಯವಲ್ಲ. ಪ್ರಬಂಧವೆಂದ ಮೇಲೆ ಇಂಥದೊಂದು ವಾಕ್ಯದಿಂದಲೇ ಶುರುವಾಗಬೇಕೆಂಬುದು ಮುಖ್ಯ. ಸದರಿ ಅಧ್ಯಯನವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟದೊಳಗೆ ಮನಶ್ಶಕ್ತಿಯನ್ನು, ಆಟಗಾರರ ಮಾತಿನಲ್ಲಿ ಹೇಳುವುದಾದರೆ ಸಯಾನಿಕ್ಸನ್ನು, ತುರುಕುವ ಸಂಕಥನದ ಬಹುಮುಖೀ ನೆಲೆಗಳನ್ನು ಅವುಗಳ ಚಾರಿತ್ರಿಕ ಹಿನ್ನೆಲೆಯ ಮುನ್ನೆಲೆಯಲ್ಲಿಟ್ಟು ಮುಖಾಮುಖಿಗೊಳಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯದ ಅರ್ಥ ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಊಟವಾದ ಮೇಲಿನ ಗೋಷ್ಠಿಗೆ ಕೂತು ರೂಢಿಯಿರುವವರಿಗೆ ಅದು ಅರ್ಥವಾಗದೆಯೇ ಹಿತವಾಗಿ ಹರಿದುಹೋಗುತ್ತದೆ.

ಅಧ್ಯಯನದ ವ್ಯಾಪ್ತಿ 1974ರಿಂದ ಇಲ್ಲಿಯವರೆಗೆ. ಮಿತಿ, ಲೇಖಕನ ತಾಳ್ಮೆ. ಒಟ್ಟು ಏಳು ಅಧ್ಯಾಯಗಳು, ಹನ್ನೆರಡು ಕೋಷ್ಟಕಗಳು ಇರುತ್ತವೆ.

ಆಟವನ್ನು ಕಾಣದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಅವನು ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ಉಳಿದವರದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ, ಅದು ನಡೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್ ಇರುತ್ತದೆ. ಕ್ಲಾಸ್ ಎಂದರೆ ಕಸುಬು, ಕುಲ, ಬಡ್ತಿಯ ನಿಯಮ ಮೂರೂ ಸೇರಿದ್ದು. ಕತ್ತಿ ಹಿಡಿದವನು ಫೈಟರ್, ಮಂತ್ರ ಹಾಕುವವನು ವಿಝರ್ಡ್, ದೇವರ ಹೆಸರು ಹೇಳಿ ಗಾಯ ಮಾಯಿಸುವವನು ಕ್ಲೆರಿಕ್, ಬೀಗ ಮುರಿಯುವವನು ರೋಗ್. ಇವರ ನಡುವೆ, ಕಣ್ಣು ಮುಚ್ಚಿ ಹಣೆಗೆ ಎರಡು ಬೆರಳಿಟ್ಟುಕೊಂಡು ನಿಂತವನು ಯಾವ ಕ್ಲಾಸ್? ಐವತ್ತು ವರ್ಷದ ವಾಙ್ಮಯವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿದೆ.

ಅಧ್ಯಾಯ ಒಂದು: ಉಗಮದ ಸಂಕಥನ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಿತ್ತು. ಒಂದು ಪೆಟ್ಟಿಗೆ, ಮೂರು ತೆಳು ಪುಸ್ತಕ, ಮೂರೇ ಕ್ಲಾಸು. ಮಂತ್ರದ ಕ್ರಮವನ್ನು ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ 1950ರ ‘ದಿ ಡೈಯಿಂಗ್ ಅರ್ಥ್’ ಪುಸ್ತಕದಿಂದ ಎತ್ತಿಕೊಂಡಿದ್ದರು: ಮಾಂತ್ರಿಕ ಮಂತ್ರವನ್ನು ಉರುಹೊಡೆಯುತ್ತಾನೆ, ಒಮ್ಮೆ ಪ್ರಯೋಗಿಸಿದ ಕೂಡಲೇ ಅದು ತಲೆಯಿಂದ ಅಳಿಸಿಹೋಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನಶ್ಶಕ್ತಿಯ ವಂಶವೃಕ್ಷ ಬೇರೆ. 1930ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಎಂಬ ಸಂಶೋಧಕರು ವೃತ್ತ, ಕೂಡುಗುರುತು, ಅಲೆ, ಚೌಕ, ನಕ್ಷತ್ರಗಳ 25 ಎಲೆಗಳ ಕಟ್ಟಿಟ್ಟುಕೊಂಡು, ಮಗುಚಿದ ಎಲೆಯಲ್ಲಿ ಏನಿದೆ ಹೇಳಿ ಎಂದು ವಿದ್ಯಾರ್ಥಿಗಳನ್ನು ಕೇಳುತ್ತಿದ್ದರು. ಅಲ್ಲಿಂದ ಈ ಶಕ್ತಿ ಜಾನ್ ಕ್ಯಾಂಬೆಲ್ ಸಂಪಾದಿಸುತ್ತಿದ್ದ ವಿಜ್ಞಾನಕಥೆಯ ಪತ್ರಿಕೆಯನ್ನು ಹೊಕ್ಕು ಕೊಬ್ಬಿತು. 1976ರಲ್ಲಿ ಗೈಗ್ಯಾಕ್ಸ್ ಮತ್ತು ಬ್ರಯನ್ ಬ್ಲೂಮ್ ಹೆಸರಿನಲ್ಲಿ ಬಂದ ‘ಎಲ್ಡ್ರಿಚ್ ವಿಝರ್ಡ್ರಿ’ ಎಂಬ ಪುರವಣಿ ಪುಸ್ತಕದ ಮೂಲಕ ಅದು ಡ್ರ್ಯಾಗನ್ನುಗಳ ಲೋಕಕ್ಕೆ ಕಾಲಿಟ್ಟಿತು. ಗುಹೆ, ಕಂದೀಲು, ಕೊಡಲಿ, ಶಾಪಗ್ರಸ್ತ ಕಿರೀಟ. ಇವುಗಳ ನಡುವೆ ಪ್ರಯೋಗಾಲಯದ ಬಿಳಿ ಕೋಟು ತೊಟ್ಟವನೊಬ್ಬ ಬಂದು ಪೆನ್ಸಿಲ್ ಚೂಪು ಮಾಡುತ್ತ ನಿಂತ.

ಇಲ್ಲಿ ಪರಿಭಾಷೆ ಅನಿವಾರ್ಯ. ಆಗ ಮನೋಬಲಕ್ಕೆ ತನ್ನದೇ ಕ್ಲಾಸ್ ಇರಲಿಲ್ಲ. ಇದ್ದ ಕ್ಲಾಸಿನವರಿಗೇ ಅದು ಅದೃಷ್ಟವಿದ್ದರೆ ಒಲಿಯುತ್ತಿತ್ತು. ಇದನ್ನು ನಾವು ‘ಪ್ರಾಗ್ವರ್ಗೀಯ ಮನೋಬಲ’ ಎಂದು ಕರೆಯೋಣ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಅದನ್ನು ಪುಸ್ತಕದ ಬಾಲಕ್ಕೆ, ಮೊದಲನೆಯ ಅನುಬಂಧಕ್ಕೆ ತಳ್ಳಲಾಯಿತು, ಇದು ‘ಅನುಬಂಧೀಯ ಮನೋಬಲ’. ಮುಂದೆ ಸ್ವಂತ ಪುಸ್ತಕ, ಸ್ವಂತ ಕ್ಲಾಸ್ ದೊರೆತದ್ದು ‘ವರ್ಗೀಯ’. ಒಂದು ಕ್ಲಾಸಿನ ಹೊಟ್ಟೆಯಿಂದ ನಾಲ್ಕು ಹುಟ್ಟಿದ್ದು ‘ಬಹುವರ್ಗೀಯ’. ಕೊನೆಗೆ ಎಲ್ಲವನ್ನೂ ಹರಿದು ಬೇರೆಯವರ ಕ್ಲಾಸುಗಳಿಗೆ ತೇಪೆ ಹಾಕಿದ್ದು ‘ಉಪವರ್ಗೀಯ’, ಅಥವಾ ‘ಉತ್ತರವರ್ಗೀಯ’, ಅಥವಾ ‘ವರ್ಗಾತೀತ’. ಈ ಮೂರರ ನಡುವಿನ ಸೂಕ್ಷ್ಮ ಭೇದವನ್ನು ಐದನೆಯ ಅಧ್ಯಾಯದಲ್ಲಿ ಚರ್ಚಿಸಲಾಗಿದೆ. ಐದನೆಯ ಅಧ್ಯಾಯ ಇರುವುದಿಲ್ಲ.

ಅಧ್ಯಾಯ ಎರಡು: ಸಂಭವನೀಯತೆಯ ಮೀಮಾಂಸೆ

ಅನುಬಂಧೀಯ ಯುಗದಲ್ಲಿ ಮನೋಬಲಿಯಾಗುವುದು ಹೇಗೆ? ಬುದ್ಧಿ, ವಿವೇಕ, ವರ್ಚಸ್ಸು ಈ ಮೂರರಲ್ಲಿ ಒಂದಾದರೂ 16 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆಗ ನೂರಕ್ಕೆ ಒಂದು ಪಾಲು ಸಂಭವ. 16ರ ಮೇಲಿನ ಬುದ್ಧಿಯ ಒಂದೊಂದು ಅಂಕಕ್ಕೆ ಎರಡೂವರೆ, ವಿವೇಕದ ಅಂಕಕ್ಕೆ ಒಂದೂವರೆ, ವರ್ಚಸ್ಸಿನ ಅಂಕಕ್ಕೆ ಅರ್ಧ ಪಾಲು ಕೂಡಿಸಬೇಕು. ಮನಸ್ಸಿನ ಅಗಾಧ ರಹಸ್ಯವನ್ನು ಅರ್ಧ ಪರ್ಸೆಂಟಿನವರೆಗೆ ಅಳೆದ ಈ ಸಾಹಸಕ್ಕೆ ತಲೆಬಾಗಲೇಬೇಕು.

ಮೂರರಲ್ಲೂ 18 ಬಿದ್ದ ಮಹಾಪುರುಷನಿಗೆ ಒಟ್ಟು ಎಷ್ಟಾಯಿತು? ಹತ್ತು. ಮೂರು ದಾಳ ಹಾಕುವ ಹಳೆಯ ಲೆಕ್ಕದಲ್ಲಿ 18 ಬೀಳುವುದು 216ಕ್ಕೆ ಒಂದು ಸಲ; ಮೂರೂ ಗುಣಕ್ಕೆ ಸಾಲಾಗಿ ಬೀಳುವುದು ಕೋಟಿಗೆ ಒಂದು ಸಲ. ಆ ಕೋಟಿಗೊಬ್ಬರಂತೆ ಹುಟ್ಟಿದವರಲ್ಲೂ ಹತ್ತಕ್ಕೆ ಒಂಬತ್ತು ಮಂದಿ ಕೈಚೆಲ್ಲಿ ಮನೆಗೆ ಹೋಗುತ್ತಾರೆ.

ಈ ಅಪರೂಪದವರನ್ನೇ ನಂಬಿ ಬದುಕುವ ಜೀವಿಗಳ ಕಥೆ ಇನ್ನೂ ದಾರುಣ. ‘ಬ್ರೇನ್ ಮೋಲ್’ ಎಂಬ, ಹೆಗ್ಗಣದಂಥ ಒಂದು ಪ್ರಾಣಿಯನ್ನು ಆಟದ ಕರ್ತರು ಸೃಷ್ಟಿಸಿದರು. ಅದು ಹಣ್ಣು ತಿನ್ನುವುದಿಲ್ಲ, ಹುಳ ತಿನ್ನುವುದಿಲ್ಲ. ಯಾರಾದರೂ ಮನೋಬಲ ಪ್ರಯೋಗಿಸಿದರೆ ಮಾತ್ರ ಎದ್ದು ಬರುತ್ತದೆ. ನಾಲ್ಕು ಕಾಲಿನ ಮೇಲೆ ಓಡಾಡುವ ಮಿದುಳಿನಂಥ ‘ಇಂಟಲೆಕ್ಟ್ ಡಿವೌರರ್’ ಕೂಡ ಅದರಂತೆಯೇ ‘ಎಲ್ಡ್ರಿಚ್ ವಿಝರ್ಡ್ರಿ’ಯ ಕೂಸು. ಮೇಲಿನ ಲೆಕ್ಕವನ್ನು ನೋಡಿದರೆ, ಆ ಹೆಗ್ಗಣಗಳ ಪೈಕಿ ಬಹುಪಾಲು ಊಟ ಕಾಣದೆ ಸತ್ತಿರಬೇಕು. ಮನಶ್ಶಕ್ತಿಯ ಪರಿಸರ ವಿಜ್ಞಾನ ಎಂಬ ವಿಷಯ ಇನ್ನೂ ಯಾರಿಗೂ ನೋಂದಣಿಯಾಗಿಲ್ಲ; ಆಸಕ್ತರು ಮಾರ್ಗದರ್ಶಕರನ್ನು ಹುಡುಕಿಕೊಳ್ಳಬಹುದು.

ಅಧ್ಯಾಯ ಮೂರು: ಸಂಘರ್ಷದ ರಾಚನಿಕ ವಿನ್ಯಾಸ

ದಾಳಿಗಳು ಐದು: ಸಯಾನಿಕ್ ಬ್ಲಾಸ್ಟ್, ಮೈಂಡ್ ಥ್ರಸ್ಟ್, ಈಗೊ ವಿಪ್, ಇಡ್ ಇನ್ಸಿನ್ಯುಯೇಷನ್, ಸೈಕಿಕ್ ಕ್ರಷ್. ರಕ್ಷಣೆಗಳೂ ಐದು: ಮೈಂಡ್ ಬ್ಲ್ಯಾಂಕ್, ಥಾಟ್ ಶೀಲ್ಡ್, ಮೆಂಟಲ್ ಬ್ಯಾರಿಯರ್, ಇಂಟಲೆಕ್ಟ್ ಫೋರ್ಟ್ರೆಸ್, ಟವರ್ ಆಫ್ ಐರನ್ ವಿಲ್. ಐದೈದು ಇಪ್ಪತ್ತೈದು ಮನೆಗಳ ಕೋಷ್ಟಕ. ಫ್ರಾಯ್ಡ್ ‘ಈಗೊ’ ಮತ್ತು ‘ಇಡ್’ ಕುರಿತ ತನ್ನ ಪುಸ್ತಕ ಪ್ರಕಟಿಸಿದ್ದು 1923ರಲ್ಲಿ, ವಿಯೆನ್ನಾದಲ್ಲಿ. ಆದರೆ ಡ್ರ್ಯಾಗನ್ನಿನ ಗುಹೆಯಲ್ಲಿ ಪಂಜು ಹಿಡಿದು ನಿಂತ, ಅಕ್ಷರ ಬಾರದ ಯೋಧ ಎದುರಿನವನ ‘ಇಡ್’ ಮೇಲೆ ನೇರವಾಗಿ ಕೈಹಾಕುತ್ತಾನೆ. ಆಪ್ತ ಸಮಾಲೋಚನೆಗೆ ವಾರಗಟ್ಟಲೆ ಹಿಡಿಯುವ ಕೆಲಸ ಅಲ್ಲಿ ಆರು ಸೆಕೆಂಡಿನಲ್ಲಿ ಮುಗಿಯುತ್ತದೆ.

ಆರು ಸೆಕೆಂಡು ಎಂದದ್ದು ಸುಮ್ಮನೆ ಅಲ್ಲ. ಆ ಕಾಲದ ನಿಯಮದಲ್ಲಿ ಯುದ್ಧದ ಒಂದು ಸುತ್ತು ಒಂದು ನಿಮಿಷದ್ದು. ಅದರಲ್ಲಿ ಹತ್ತು ‘ಸೆಗ್‌ಮೆಂಟ್’. ಕೊಡಲಿಯವನಿಗೆ ಸಾಮಾನ್ಯವಾಗಿ ಸುತ್ತಿಗೊಂದು ಏಟು, ಮನೋಬಲಿಗಳಿಗೆ ಸೆಗ್‌ಮೆಂಟಿಗೊಂದು ವಿನಿಮಯ. ಆದ್ದರಿಂದ ಇಬ್ಬರು ಮನೋಬಲಿಗಳು ಎದುರಾದರೆ ಮೇಜಿನ ಮೇಲೆ ನಡೆಯುವುದಿಷ್ಟು. ಇಬ್ಬರೂ ತಮ್ಮ ತಮ್ಮ ಆಯ್ಕೆಯನ್ನು ಗುಟ್ಟಾಗಿ ಬರೆಯುತ್ತಾರೆ. ಡಿಎಂ ಪುಸ್ತಕ ಬಿಡಿಸುತ್ತಾನೆ. ಅಡ್ಡಸಾಲಿಗೆ ಒಂದು ಬೆರಳು, ಉದ್ದಸಾಲಿಗೆ ಒಂದು ಬೆರಳು, ಎರಡೂ ಕೂಡುವ ಮನೆಯ ಅಂಕಿಯನ್ನು ಓದುತ್ತಾನೆ. ಮನೋಬಲದ ಪಾಯಿಂಟುಗಳಲ್ಲಿ ದಾಳಿಯ ಖರ್ಚು ಕಳೆ, ರಕ್ಷಣೆಯ ಖರ್ಚು ಕಳೆ, ಆದ ನಷ್ಟ ಕಳೆ. ರಬ್ಬರು ಎಲ್ಲಿ? ಇಗೋ. ಮತ್ತೆ ಬರೆ. ಕೊಡಲಿಯವನು ಮೊದಲ ಸೆಗ್‌ಮೆಂಟಿನಲ್ಲಿ ನೇರವಾಗಿ ಕೂತಿರುತ್ತಾನೆ, ಮೂರನೆಯದರಲ್ಲಿ ಒರಗುತ್ತಾನೆ, ಐದನೆಯದರಲ್ಲಿ ಫೋನ್ ತೆಗೆಯುತ್ತಾನೆ, ಏಳನೆಯದಕ್ಕೆ ಅಡುಗೆಮನೆಗೆ ಹೋಗಿ ಚಹಾ ಇಡುತ್ತಾನೆ. ಐದು ದಾಳಿಗಳಲ್ಲಿ ನಾಲ್ಕು ಅವನಂಥ ಮನೋಬಲವಿಲ್ಲದವನ ಮೇಲೆ ನಡೆಯುವುದೇ ಇಲ್ಲವಾದ್ದರಿಂದ ಹೊಡೆಸಿಕೊಳ್ಳುವ ಭಾಗ್ಯವೂ ಅವನಿಗಿಲ್ಲ. ಚಹಾ ಬರುವ ಹೊತ್ತಿಗೆ ಮನೋಬಲಿಗಳಲ್ಲೊಬ್ಬ ಮೂಗಿನಲ್ಲಿ ರಕ್ತ ಸುರಿಸಿ ಬಿದ್ದಿರಬೇಕು. ಹಾಗೆ ಸುರಿದದ್ದನ್ನು ಯಾರೂ ವರ್ಣಿಸಿರುವುದಿಲ್ಲ. ಎಲ್ಲರೂ ಕಳೆಯುವ ಲೆಕ್ಕದಲ್ಲಿರುತ್ತಾರೆ.

ಅಧ್ಯಾಯ ನಾಲ್ಕು: ವರ್ಗಾವತರಣ

1991ರಲ್ಲಿ ಸ್ಟೀವ್ ವಿಂಟರ್ ಬರೆದ ‘ದಿ ಕಂಪ್ಲೀಟ್ ಸಯಾನಿಕ್ಸ್ ಹ್ಯಾಂಡ್‌ಬುಕ್’ ಬಂತು. ಕೊನೆಗೂ ‘ಸಯಾನಿಸಿಸ್ಟ್’ ಎಂಬ ಸ್ವಂತ ಕ್ಲಾಸ್. ಶಕ್ತಿಗಳಿಗೆ ಆರು ಶಾಖೆ: ದೂರದ್ದನ್ನು ಕಾಣುವುದು, ವಸ್ತುವನ್ನು ಅಲುಗಿಸುವುದು, ತನ್ನ ಮೈಯನ್ನೇ ಮಾರ್ಪಡಿಸುವುದು, ಇದ್ದಲ್ಲಿಂದ ಇನ್ನೊಂದೆಡೆ ಹಾರುವುದು, ಮನಸ್ಸಿನೊಡನೆ ಮಾತಾಡುವುದು, ಮತ್ತು ಇವೆಲ್ಲವನ್ನೂ ತಿದ್ದುವ ಆರನೆಯದು. ಪ್ರತಿ ಶಾಖೆಯಲ್ಲೂ ದೊಡ್ಡವಕ್ಕೆ ‘ಸೈನ್ಸ್’, ಚಿಕ್ಕವಕ್ಕೆ ‘ಡಿವೋಷನ್’ ಎಂದು ಹೆಸರು. ವಿಜ್ಞಾನ ದೊಡ್ಡದು, ಭಕ್ತಿ ಚಿಕ್ಕದು. ನಮ್ಮ ಯಾವ ಮಠಾಧೀಶರ ಕಣ್ಣಿಗೂ ಈ ಪುಸ್ತಕ ಬಿದ್ದಿಲ್ಲವೆಂದು ತೋರುತ್ತದೆ. ಅದೇ ವರ್ಷ ‘ಡಾರ್ಕ್ ಸನ್’ ಎಂಬ ಬೆಂಗಾಡಿನ ಲೋಕವನ್ನೂ ಹೊರತಂದರು. ಅಲ್ಲಿ ನೀರಿಗೆ ಬರ, ಕಬ್ಬಿಣಕ್ಕೆ ಬರ, ಮನೋಬಲಕ್ಕೆ ಮಾತ್ರ ಬರವಿಲ್ಲ. ಆಟಗಾರನ ಪ್ರತಿ ಪಾತ್ರಕ್ಕೂ ಒಂದಿಷ್ಟು ಒಲಿದಿರುತ್ತದೆ. ಎರಡನೆಯ ಅಧ್ಯಾಯದ ಹೆಗ್ಗಣಗಳಿಗೆ ಇದು ತಡವಾಗಿ ಬಂದ ಸುಗ್ಗಿ.

2001ರ ‘ಸಯಾನಿಕ್ಸ್ ಹ್ಯಾಂಡ್‌ಬುಕ್’ನದು ನನಗೆ ಬಲು ಪ್ರೀತಿಯ ಎಡವಟ್ಟು. ಆರು ಶಾಖೆ, ಪಾತ್ರದ ಗುಣಗಳೂ ಆರು. ಹೊಂದಿಕೆ ಕಂಡವರು ಸುಮ್ಮನಿರುತ್ತಾರೆಯೇ? ಒಂದೊಂದು ಶಾಖೆಯನ್ನು ಒಂದೊಂದು ಗುಣಕ್ಕೆ ಗಂಟುಹಾಕಿದರು. ಮೈಯನ್ನು ಮಾರ್ಪಡಿಸುವ ಶಾಖೆಗೆ ದೈಹಿಕ ಬಲ, ಹಾರುವ ಶಾಖೆಗೆ ಚುರುಕು, ವಸ್ತು ಅಲುಗಿಸುವುದಕ್ಕೆ ಮೈಕಟ್ಟಿನ ತ್ರಾಣ. ಮನಸ್ಸಿನಿಂದ ಬಂಡೆ ಎತ್ತಬೇಕಾದರೆ ಮೊದಲು ಗರಡಿಗೆ ಹೋಗಬೇಕಾಯಿತು. ಆರೂ ಗುಣ ಎತ್ತರದಲ್ಲಿರುವ ಪಾತ್ರಕ್ಕೆ ಮನಶ್ಶಕ್ತಿಯ ಹಂಗಾದರೂ ಏಕೆ ಬೇಕು? 2004ರ ‘ಎಕ್ಸ್‌ಪ್ಯಾಂಡೆಡ್’ ಆವೃತ್ತಿ ಇದನ್ನು ಕಿತ್ತುಹಾಕಿ ‘ಸಯಾನ್’ ಎಂಬ ಮನೋಬಲಿ ಕ್ಲಾಸಿಗೆ ಬುದ್ಧಿಯೊಂದೇ ಸಾಕೆಂದಿತು. ಅದರ ಜೊತೆ ಸೈಕಿಕ್ ವಾರಿಯರ್, ಸೋಲ್‌ನೈಫ್, ವೈಲ್ಡರ್. 2006ರಲ್ಲಿ ಮತ್ತೆ ನಾಲ್ಕು: ಆರ್ಡೆಂಟ್, ಡಿವೈನ್ ಮೈಂಡ್, ಎರುಡೈಟ್, ಲರ್ಕ್. 2010ರಲ್ಲಿ ಇನ್ನಷ್ಟು: ಬ್ಯಾಟಲ್‌ಮೈಂಡ್ ಬಂದ, ಆರ್ಡೆಂಟ್ ಬೇರೆ ವೇಷದಲ್ಲಿ ಬಂದ. 1975ರಿಂದ ಕೈಕಾಲಲ್ಲೇ ಗುದ್ದಿಕೊಂಡು ನೆಮ್ಮದಿಯಾಗಿದ್ದ ‘ಮಂಕ್’ಗೆ ನೀನು ಇಂದಿನಿಂದ ಮನೋಬಲಿ ಎಂದು ವರ್ಗಾವಣೆ ಆದೇಶ ಹೊರಟಿತು. 2014ರ ಹೊಸ ಆವೃತ್ತಿಯಲ್ಲಿ ಆದೇಶ ರದ್ದು. ಪಕ್ಕದ ಅಂಗಡಿಯವರೇನು ಕಡಿಮೆ? ಪಾತ್‌ಫೈಂಡರ್ ಎಂಬ ಆಟದ ‘ಅಕಲ್ಟ್ ಅಡ್ವೆಂಚರ್ಸ್’ 2015ರಲ್ಲಿ ಒಮ್ಮೆಗೇ ಆರು ಹೊಸ ಕ್ಲಾಸು ಇಳಿಸಿತು.

ಇಲ್ಲಿ ನಾಲ್ಕನೆಯ ಕೋಷ್ಟಕ ಬರಬೇಕಿತ್ತು: ಎಡಕ್ಕೆ ಕ್ಲಾಸುಗಳು, ಮೇಲಕ್ಕೆ ‘ಸತ್ತಾಮೀಮಾಂಸೀಯ ಆಯಾಮ’, ‘ಕಾರ್ಯಾತ್ಮಕ ಆಯಾಮ’, ‘ಪವರ್ ಪಾಯಿಂಟುಗಳ ರಾಜಕೀಯ ಅರ್ಥಶಾಸ್ತ್ರ’. ಗೆರೆ ಕೂಡ ಎಳೆದಿದ್ದೆ. ಸಾಕು.

ಪೂರ್ವಪಕ್ಷ ಮತ್ತು ಸಿದ್ಧಾಂತ

ಒಂದೇ ಒಂದು ಹಳೆಯ ಜಗಳವನ್ನು ತೀರಿಸಿಬಿಡುತ್ತೇನೆ. ಪೂರ್ವಪಕ್ಷ: ಮನಶ್ಶಕ್ತಿ ಮಂತ್ರಕ್ಕಿಂತ ಬೇರೆ. ಬೇರೆಯಾದರೆ ಮಂತ್ರದ ಕವಚ ಅದನ್ನು ತಡೆಯಬಾರದು, ಅದರ ಕವಚ ಮಂತ್ರವನ್ನು ತಡೆಯಬಾರದು. ಆಗ ಇರುವ ರಾಕ್ಷಸರಿಗೆಲ್ಲ ಎರಡನೆಯ ಕವಚ ಹೊಲಿಸಬೇಕು. ಉತ್ತರಪಕ್ಷ: ಹಾಗಾದರೆ ಎರಡೂ ಒಂದೇ. ಒಂದೇ ಆದರೆ ಆರು ಶಾಖೆ, ಎಂಟು ಕ್ಲಾಸು, ಬೇರೆ ಪುಸ್ತಕ, ಬೇರೆ ಬೆಲೆ ಏಕೆ? 2004ರ ಪುಸ್ತಕ ಇದಕ್ಕೆ ‘ಟ್ರಾನ್ಸ್‌ಪರೆನ್ಸಿ’ ಎಂಬ ನಿಯಮ ಮಾಡಿತು: ಮಂತ್ರಕ್ಕೆ ನಾಟುವುದೆಲ್ಲ ಮನಶ್ಶಕ್ತಿಗೂ ನಾಟುತ್ತದೆ, ಬೇಡವಾದರೆ ಎರಡೂ ಬೇರೆ ಎಂದೇ ಇಟ್ಟುಕೊಂಡು ಆಡಿ. ದ್ವೈತ, ಅದ್ವೈತ ಎರಡನ್ನೂ ಒಂದೇ ಪುಟದಲ್ಲಿ ಒಪ್ಪಿಕೊಂಡು ಮುಂದೆ ಹೋದ ದರ್ಶನ ನಮ್ಮಲ್ಲೂ ಇಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಅಧ್ಯಾಯದ ಸಂಖ್ಯೆ ಯಾರಿಗೆ ಬೇಕೋ ಅವರು ಹಾಕಿಕೊಳ್ಳಲಿ.

2014ರ ಆವೃತ್ತಿಗೆ ‘ಮಿಸ್ಟಿಕ್’ ಎಂಬ ಮನೋಬಲಿ ಕ್ಲಾಸ್ ಬರುತ್ತದೆಂದು 2015ರಲ್ಲಿ ಪ್ರಕಾಶಕರು ಒಂದು ಕರಡು ಬಿಟ್ಟರು, ಐದನೆಯ ಲೆವೆಲ್‌ವರೆಗೆ. ಆಡಿ ನೋಡಿ ಅಭಿಪ್ರಾಯ ತಿಳಿಸಿ ಎಂದರು. 2016ರಲ್ಲಿ ಹತ್ತರವರೆಗೆ. 2017ರಲ್ಲಿ ಇಪ್ಪತ್ತರವರೆಗೆ, ಪೂರ್ತಿ. ಜನ ಆಡಿದರು, ಪ್ರಶ್ನಾವಳಿ ತುಂಬಿದರು, ಪಾತ್ರ ಬೆಳೆಸಿದರು. ಆಮೇಲೆ ಪ್ರಕಾಶಕರು ಕ್ಲಾಸನ್ನೇ ಕೈಬಿಟ್ಟರು. 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ನಲ್ಲಿ ಮನಶ್ಶಕ್ತಿ ಮೂರು ತುಂಡಾಗಿ ಫೈಟರ್, ರೋಗ್, ಸಾರ್ಸರರ್‌ಗಳ ಒಳಪಂಗಡಗಳಾಗಿ ಬಂತು.

ನಮ್ಮ ಮೇಜಿನಲ್ಲಿ ಒಬ್ಬ ಗೆಳೆಯ ಮಿಸ್ಟಿಕ್ ಆಡುತ್ತಿದ್ದ. ಅವನ ಪಾತ್ರ, ಮಾತು ಬಾರದ ಒಬ್ಬ ಕುರಿಗಾಹಿ ಹುಡುಗಿ. ಮನಸ್ಸಿನಿಂದ ಮನಸ್ಸಿಗೆ ಮಾತ್ರ ಮಾತಾಡುವವಳು. ಹೊರಗೆ ನೋಡಿದರೆ ವಾಚಾಳಿಯಾದ ಇವನು ಆಟ ಶುರುವಾದರೆ ಬಾಯಿ ಬಿಡುತ್ತಿರಲಿಲ್ಲ. ಹೇಳುವುದನ್ನು ಚೀಟಿಯಲ್ಲಿ ಬರೆದು, ಮಡಿಸಿ, ಯಾರಿಗೆ ಹೇಳಬೇಕೋ ಅವರ ಕೈಗೆ ಕೊಡುತ್ತಿದ್ದ. ಒಂದು ಸಂಜೆ ಮುದಿ ಡ್ರ್ಯಾಗನ್ನಿನ ಎದುರು ಎಲ್ಲರೂ ದಾಳ ಕುಲುಕುತ್ತಿರುವಾಗ ಅವನು ಕೊಡಲಿಯವನಿಗೊಂದು ಚೀಟಿ ದಾಟಿಸಿದ. ಕೊಡಲಿಯವನು ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಯನ್ನು ಜೇಬಿಗೆ ಹಾಕಿಕೊಂಡು, ‘ನಾನು ಕೊಡಲಿ ಕೆಳಗಿಡುತ್ತೇನೆ’ ಎಂದ. ಡಿಎಂ ಆಗಿ ಕೂತಿದ್ದ ನನಗೂ ಅದರಲ್ಲೇನಿದೆಯೆಂದು ತಿಳಿಯಲಿಲ್ಲ. ಉಳಿದವರು ಅವನ ಮೇಲೆ ಹರಿಹಾಯ್ದರು. ಅವನು ಜಗ್ಗಲಿಲ್ಲ. ಆಟವೆಲ್ಲ ಮುಗಿದ ಮೇಲೆ ತೋರಿಸಿದ: ‘ಹೊಡೆಯಬೇಡ. ಅದಕ್ಕೆ ನಮಗಿಂತ ಹೆಚ್ಚು ಭಯವಾಗಿದೆ.’

ಇದಕ್ಕೆ ಎಷ್ಟು ಪಾಯಿಂಟು ಖರ್ಚಾಯಿತು? ಯಾವ ಶಾಖೆ, ಸೈನ್ಸೋ ಡಿವೋಷನ್ನೋ? ಅಲ್ಲೇ ಒಬ್ಬ ಕೇಳಿದ ಕೂಡ. ಅವನ ತಪ್ಪಲ್ಲ, ಐವತ್ತು ವರ್ಷದ ಪುಸ್ತಕಗಳು ಆಟಗಾರನಿಗೆ ಕಲಿಸಿದ್ದು ಅದೊಂದನ್ನೇ. ಇನ್ನೊಬ್ಬರ ತಲೆಯೊಳಗೆ ಹೊಕ್ಕಾಗ ಮೈ ನಡುಗುತ್ತದೆಯೇ, ಅಲ್ಲಿ ನಿನ್ನ ಬಗ್ಗೆ ಏನು ಕಾಣಿಸಿತು, ಹೊರಬಂದ ಮೇಲೆ ಅವರ ಮುಖ ನೋಡಲು ಆಗುತ್ತದೆಯೇ? ಇಂಥ ಒಂದು ಪ್ರಶ್ನೆಯನ್ನಾದರೂ ಕೇಳುವ ಕೋಷ್ಟಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕೇಳಿದ್ದೆಲ್ಲ ಎಷ್ಟು ದೂರ, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ.

ಹೊಸ ಪುಸ್ತಕಕ್ಕೆ ಎಲ್ಲರೂ ದಾಟಿದಾಗ ಆ ಹುಡುಗಿಗೆ ಹತ್ತಿರದ ಜಾಗವೆಂದು ಸಿಕ್ಕಿದ್ದು ಸಾರ್ಸರರ್‌ನ ‘ಅಬೆರಂಟ್ ಮೈಂಡ್’ ಎಂಬ ಒಳಪಂಗಡ. ಅದರ ಹಿನ್ನೆಲೆಯೇ ಬೇರೆ ಲೋಕದ ಬೀಭತ್ಸ ಜೀವಿಗಳು ಮನಸ್ಸನ್ನು ತಾಕಿ ಕೆಡಿಸಿದವೆಂಬುದು. ಕುರಿ ಕಾಯುವ ಹುಡುಗಿಯ ತಲೆಗೆ ಗ್ರಹಣಾಂಗಗಳ ಪುರಾಣ ಅಂಟಿಸಬೇಕಾಯಿತು. ಗೆಳೆಯ ಹೊಸ ಶೀಟ್ ತುಂಬಿದ, ಒಂದೆರಡು ಸಲ ಆಡಿದ, ಆಮೇಲೆ ಫೈಟರ್ ಮಾಡಿಕೊಂಡ. ಫೈಟರ್ ಗಟ್ಟಿಯಾಗಿ ಮಾತಾಡುತ್ತಾನೆ. ಎಲ್ಲರಿಗೂ ಅನುಕೂಲವಾಯಿತು.

ಮನಶ್ಶಕ್ತಿಯ ಕಥೆ ನಮಗೇನು ಹೊಸದೇ? ಪತಂಜಲಿ ಯೋಗಸೂತ್ರದ ಮೂರನೆಯ ಪಾದದ ಬಹುಭಾಗ ಸಿದ್ಧಿಗಳ ಪಟ್ಟಿ. ಪರರ ಚಿತ್ತವನ್ನು ಅರಿಯುವುದು, ಮಾಯವಾಗುವುದು, ಆಕಾಶದಲ್ಲಿ ಸಂಚರಿಸುವುದು ಎಲ್ಲ ಇದೆ. ಅಷ್ಟು ಹೇಳಿದವನು ನಡುವೆ ತಿರುಗಿ ನಿಂತು, ಇವು ಸಮಾಧಿಗೆ ಅಡ್ಡಿ ಎಂದೂ ಹೇಳುತ್ತಾನೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ವಜ್ರಕಾಯದ ಸಿದ್ಧ. ಅವನ ಮೇಲೆ ಅಲ್ಲಮ ಕತ್ತಿ ಬೀಸಿದರೆ ಮೈ ಖಣಿಲ್ಲೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ತಿರುಗಿ ಗೋರಕ್ಷ ಬೀಸಿದರೆ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಆಡಿದಂತೆ ಆಡಿ ಹೊರಬರುತ್ತದೆ. ನಮ್ಮ ಪುಸ್ತಕಗಳ ಪ್ರಕಾರ ಗೋರಕ್ಷನಿಗೆ ಶಾಖೆಯಿದೆ, ರಕ್ಷಣೆಯ ಅಂಕಿಯಿದೆ. ಅಲ್ಲಮನಿಗೆ ಎರಡೂ ಇಲ್ಲ. ಅವನಿಗೊಂದು ಕ್ಲಾಸ್ ಬರೆದುಕೊಡುತ್ತೇನೆಂದು ಯಾರಾದರೂ ಹೊರಟರೆ ಅವರ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳಬೇಕಾಗುತ್ತದೆ.

2025ರಲ್ಲಿ ‘ಸಯಾನ್’ ಎಂಬ ಪೂರ್ಣ ಕ್ಲಾಸಿನ ಕರಡು ಮತ್ತೆ ಪರೀಕ್ಷೆಗೆ ಬಂತು. ಬಂದ ವಾರವೇ ಆ ಗೆಳೆಯನ ಫೋನು.

‘ಸಯಾನ್ ಬಂದಿದೆ ಕಣೋ. ನೋಡಿದ್ಯಾ?’

‘ಕರಡು ತಾನೆ?’

‘ಕರಡೇ. ಆದ್ರೂ ಈ ಸಲ ಬಿಡಲ್ಲ ಅನ್ಸುತ್ತೆ. ನನ್ನ ಹುಡುಗೀನ ಮತ್ತೆ ತರ್ಲಾ?’

‘ತಾ. ಪ್ರಿಂಟ್ ಹಾಕಿಸ್ಕೊಂಡು ಬಾ.’

‘ಕಾಗದ ದಂಡ, ಎರಡೂ ಕಡೆ ಹಾಕಿಸ್ತೀನಿ.’

‘ಬೇಡ, ಒಂದೇ ಕಡೆ ಹಾಕಿಸು. ಹಿಂದುಗಡೆ ಖಾಲಿ ಇದ್ರೆ ಚೀಟಿಗಾಗುತ್ತೆ.’